ಅಚ್ಚು ಹಾಕಲು ಅಪ್ಪಣೆ ಬೇಕಿದ್ದ ಕಾಲದ ಇಂಗ್ಲಿಷ್ ಸಾಹಿತ್ಯ

ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಸಾಹಿತ್ಯದ ಪಾಠ ಹೇಳುತ್ತ ಬಂದಿರುವ ನನಗೆ, 1660ರಿಂದ ಮುಂದಿನ ನೂರು ವರ್ಷಗಳ ಸಾಹಿತ್ಯವನ್ನು ನಾವು ವಿದ್ಯಾರ್ಥಿಗಳಿಗೆ ಪರಿಚಯಿಸುವ ಕ್ರಮದ ಬಗ್ಗೆ ಬಹಳ ದಿನಗಳಿಂದ ಅಸಮಾಧಾನವಿದೆ. ದೇಶ ಬಿಟ್ಟು ಹೋಗಿದ್ದ ಎರಡನೆಯ ಚಾರ್ಲ್ಸ್ ಮರಳಿ ಬಂದು ಪಟ್ಟವೇರಿದ, ಮುಚ್ಚಿದ್ದ ನಾಟಕಶಾಲೆಗಳು ಬಾಗಿಲು ತೆರೆದವು, ಕಾವ್ಯದ ಆವೇಶ ತಗ್ಗಿ ಗದ್ಯವೂ ವಿಚಾರವೂ ಮುನ್ನೆಲೆಗೆ ಬಂದವು, ಡ್ರೈಡನ್, ಪೋಪ್, ಸ್ವಿಫ್ಟ್, ಆಡಿಸನ್ ಮುಂತಾದವರು ಬರೆದರು. ಗೈಡುಗಳಲ್ಲಿ ಇರುವುದು ಇಷ್ಟು, ಪರೀಕ್ಷೆಗೆ ಸಾಕಾಗುವುದೂ ಇಷ್ಟು. ಆದರೆ ಆ ಕಾಲದ ಪುಸ್ತಕಗಳು ಯಾರ ಅಪ್ಪಣೆಯ ಮೇಲೆ ಅಚ್ಚಾಗುತ್ತಿದ್ದವು, ಅಪ್ಪಣೆಯಿಲ್ಲದೆ ಅಚ್ಚು ಹಾಕಿದವನ ಗತಿ ಏನಾಗುತ್ತಿತ್ತು, ಆ ಪದ್ಧತಿ ಯಾವಾಗ ಮತ್ತು ಯಾವ ಕಾರಣಕ್ಕೆ ನಿಂತುಹೋಯಿತು ಎಂಬುದನ್ನು ಬದಿಗಿಟ್ಟು ಓದಿದರೆ ಈ ಸಾಹಿತ್ಯದ ಅರ್ಧದಷ್ಟು ನಮ್ಮ ಕೈಗೆ ಸಿಗುವುದೇ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಲೇಖಕರು ಮುಖ ಮರೆಸಿಕೊಂಡು ಬರೆದದ್ದೇಕೆ, ಅನ್ಯೋಕ್ತಿಗಳ ಮೂಲಕ, ಇಲ್ಲದ ದೇಶಗಳ ಕಥೆಗಳ ಮೂಲಕ ಮಾತಾಡಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಅವರ ಪ್ರತಿಭೆಯಲ್ಲಿ ಎಷ್ಟಿದೆಯೋ ಅಷ್ಟೇ ಅವರ ಕಾಲದ ಕಾನೂನಿನಲ್ಲೂ ಇದೆ.

ಆ ಕಾಲವನ್ನು ನಮ್ಮ ನೆಲದ ಕಾಲದೊಂದಿಗೆ ಜೋಡಿಸಿ ಹೇಳುವುದು ಪಾಠಕ್ಕೆ ಅನುಕೂಲವೆಂದು ಅನುಭವದಿಂದ ಕಂಡುಕೊಂಡಿದ್ದೇನೆ. ನ್ಯೂಟನ್ನನ 'ಪ್ರಿನ್ಸಿಪಿಯಾ' ಪ್ರಕಟವಾದ 1687ರಲ್ಲಿಯೇ ಗೋಲ್ಕೊಂಡ ಔರಂಗಜೇಬನ ವಶವಾಯಿತು. ವಿಜಯಪುರ ಅದರ ಹಿಂದಿನ ವರ್ಷವೇ ಬಿದ್ದಿತ್ತು. 1705ರಲ್ಲಿ ಮುಪ್ಪಿನ ಔರಂಗಜೇಬ ಸುರಪುರದ ಪಿಡ್ಡನಾಯಕನ ವಾಗಣಗೇರಿ ಕೋಟೆಯ ಮುಂದೆ ದಂಡು ಇಳಿಸಿಕೊಂಡು ಕುಳಿತಿದ್ದಾಗ, ಲಂಡನ್ನಿನಲ್ಲಿ ಡೇನಿಯಲ್ ಡೆಫೋ ವಾರಕ್ಕೆ ಮೂರು ಸಲ ತನ್ನ 'ರಿವ್ಯೂ' ಪತ್ರಿಕೆಯನ್ನು ಹೊರತರುತ್ತಿದ್ದ. ನಮ್ಮ ಭಾಗದಲ್ಲಿ ಆಗ ಅಚ್ಚಿನ ಯಂತ್ರವೇ ಇರಲಿಲ್ಲ. ವಚನ, ಪುರಾಣ, ತತ್ವಪದಗಳು ತಾಳೆಗರಿಯಲ್ಲಿ, ಕೈಬರಹದ ಕಾಗದದಲ್ಲಿ, ಜನರ ಬಾಯಲ್ಲಿ ಉಳಿದುಕೊಂಡಿದ್ದವು. ಸುರಪುರ, ಶಹಾಪುರದ ಕಡೆಯಿಂದ ಬಂದ ಹುಡುಗರಿಗೆ ವಾಗಣಗೇರಿಯ ಹೆಸರು ಕಿವಿಗೆ ಬಿದ್ದ ಕೂಡಲೇ ಡೆಫೋ ಕೂಡ ಒಂದಿಷ್ಟು ಹತ್ತಿರದವನಾಗುತ್ತಾನೆ.

1649ರ ಜನವರಿ 30ರಂದು ಮೊದಲನೆಯ ಚಾರ್ಲ್ಸ್ ರಾಜನನ್ನು ಅವನ ಪ್ರಜೆಗಳೇ ವಿಚಾರಣೆ ಮಾಡಿ, ಬಹಿರಂಗವಾಗಿ ತಲೆ ಕಡಿದಿದ್ದರು. ಮುಂದೆ ಹನ್ನೊಂದು ವರ್ಷ ಇಂಗ್ಲೆಂಡಿನ ಸಿಂಹಾಸನ ಖಾಲಿ ಇತ್ತು. 1658ರಲ್ಲಿ, ರಾಜನಿಲ್ಲದ ದೇಶವನ್ನು ಆಳುತ್ತಿದ್ದ ಆಲಿವರ್ ಕ್ರಾಮ್‌ವೆಲ್ ತೀರಿಕೊಂಡ ಮೇಲೆ ಆಡಳಿತದ ಹಿಡಿತ ಸಡಿಲವಾಗಿ, 1660ರ ಮೇ 29ರಂದು, ತನ್ನ ಮೂವತ್ತನೆಯ ಹುಟ್ಟುಹಬ್ಬದ ದಿನವೇ, ಎರಡನೆಯ ಚಾರ್ಲ್ಸ್ ಲಂಡನ್ ಪ್ರವೇಶಿಸಿದ. ಈ ನಡುವಿನ ವರ್ಷಗಳಲ್ಲಿ ಅಚ್ಚಾದ ಕರಪತ್ರಗಳಿಗೆ ಲೆಕ್ಕವಿಲ್ಲ. ಜಾರ್ಜ್ ಥಾಮಸನ್ ಎಂಬ ಪುಸ್ತಕ ವ್ಯಾಪಾರಿಯೊಬ್ಬ 1640ರ ದಶಕದ ಆರಂಭದಿಂದ 1661ರವರೆಗೆ ಕೂಡಿಟ್ಟ ಕರಪತ್ರ, ಪುಸ್ತಕ, ಸುದ್ದಿಹಾಳೆಗಳೇ 22,000 ದಾಟುತ್ತವೆ. ರಾಜನ ತಲೆ ಹೋದದ್ದಕ್ಕೆ ಕತ್ತಿಯಷ್ಟೇ ಅಚ್ಚಿನ ಮೊಳೆಯೂ ಕಾರಣವೆಂದು ಹೊಸ ಸರಕಾರ ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ.

1662ರ ಪರವಾನಗಿ ಕಾಯ್ದೆ ಬಂದದ್ದು ಈ ತಿಳಿವಳಿಕೆಯಿಂದ. ಲಂಡನ್ ನಗರ, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳು, ಯಾರ್ಕ್, ಇಷ್ಟು ಬಿಟ್ಟರೆ ಇಡೀ ದೇಶದಲ್ಲಿ ಬೇರೆಲ್ಲಿಯೂ ಅಚ್ಚುಕೂಟ ಇರಕೂಡದು. ಲಂಡನ್ನಿನ ಮುದ್ರಕ ಯಜಮಾನರ ಸಂಖ್ಯೆ ಕ್ರಮೇಣ 20ಕ್ಕೆ ಇಳಿಯಬೇಕು. ಮೊಳೆ ಎರಕ ಹೊಯ್ಯುವವರು ನಾಲ್ಕೇ ಮಂದಿ ಇರಬೇಕು. ಪುಸ್ತಕ ಕಾನೂನಿಗೆ ಸೇರಿದ್ದಾದರೆ ಹಿರಿಯ ನ್ಯಾಯಾಧೀಶರು, ಇತಿಹಾಸ ಅಥವಾ ರಾಜ್ಯಭಾರದ ವಿಷಯವಾದರೆ ರಾಜನ ಕಾರ್ಯದರ್ಶಿಗಳು, ಧರ್ಮ ಮತ್ತು ತತ್ವಶಾಸ್ತ್ರವಾದರೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಇಲ್ಲವೆ ಲಂಡನ್ನಿನ ಬಿಷಪ್ ಹಸ್ತಪ್ರತಿಯನ್ನು ನೋಡಿ ಒಪ್ಪಿಗೆ ಕೊಡಬೇಕು. ಮುದ್ರಕನ ಹೆಸರು ಪುಸ್ತಕದಲ್ಲಿ ಕಾಣಿಸಲೇಬೇಕು. ಅನುಮಾನ ಬಂದ ಮನೆಯನ್ನು ಹೊಕ್ಕು ಶೋಧಿಸುವ ಅಧಿಕಾರ ಸರಕಾರದ ಆಳುಗಳಿಗೆ ಇತ್ತು.

1663ರಲ್ಲಿ ಈ ಕಾಯ್ದೆಯ ಕಾವಲುಗಾರನಾಗಿ ನೇಮಕವಾದವನು ರೋಜರ್ ಲೆಸ್ಟ್ರೇಂಜ್. ಆ ವರ್ಷದ ಅಕ್ಟೋಬರ್ ತಿಂಗಳಲ್ಲಿ, ಇನ್ನೂ ಬೆಳಕು ಹರಿಯದ ನಸುಕಿನಲ್ಲಿ, ಅವನು ತನ್ನ ಜನರೊಂದಿಗೆ ಕ್ಲಾತ್ ಫೇರ್ ಎಂಬ ಬೀದಿಯ ಜಾನ್ ಟ್ವಿನ್ ಎಂಬ ಮುದ್ರಕನ ಬಾಗಿಲು ಬಡಿದ. ಒಳಗಿದ್ದವರು ಬಾಗಿಲು ತೆರೆಯಲು ತಡ ಮಾಡಿದರು. ಒಳಹೊಕ್ಕು ನೋಡಿದರೆ ಜೋಡಿಸಿಟ್ಟಿದ್ದ ಮೊಳೆಗಳನ್ನು ಒಡೆದು ಚೆಲ್ಲಾಪಿಲ್ಲಿ ಮಾಡಲಾಗಿತ್ತು. ಒಂದು ಮೂಲೆಯ ಸಾಲುಗಳು ಮಾತ್ರ ಹಾಗೇ ನಿಂತಿದ್ದವು, ಆಗಷ್ಟೇ ಅಚ್ಚಾದ ಹಾಳೆಗಳೂ ಸಿಕ್ಕವು. ರಾಜನೂ ಪ್ರಜೆಗಳಿಗೆ ಉತ್ತರ ಹೇಳಬೇಕಾದವನು, ತಪ್ಪಿದರೆ ಅವನನ್ನು ದಂಡಿಸುವ ಹಕ್ಕು ಪ್ರಜೆಗಳಿಗಿದೆ ಎಂದು ಸಾರುವ ಕರಪತ್ರ ಅದು. ಬರೆದವನ ಹೆಸರನ್ನು ಟ್ವಿನ್ ಕಡೆಯವರೆಗೂ ಹೇಳಲಿಲ್ಲ. ರಾಜದ್ರೋಹದ ಆಪಾದನೆ ಸಿದ್ಧವಾಗಿ, 1664ರ ಫೆಬ್ರವರಿಯಲ್ಲಿ ಅವನನ್ನು ಗಲ್ಲಿಗೇರಿಸಿ, ದೇಹವನ್ನು ತುಂಡರಿಸಿ, ತುಂಡುಗಳನ್ನು ನಗರದ ಬಾಗಿಲುಗಳ ಮೇಲೆ ತೂಗುಹಾಕಿದರು.

ಈ ಪ್ರಸಂಗವನ್ನು ತರಗತಿಯಲ್ಲಿ ಹೇಳಿದಾಗ, ಇಲ್ಲಿನ ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವರ ಮಗನೊಬ್ಬ ಎದ್ದು ನಿಂತು ಕೇಳಿದ: "ಬರದಾಂವ ಬ್ಯಾರೆ ಇದ್ದಾನಲ್ರಿ ಸರ, ಮೊಳಿ ಜೋಡಿಸಿದಾಂವಗ ಯಾಕ್ರಿ ಗಲ್ಲು?" ಇಡೀ ಕಾಲದ ಮರ್ಮವನ್ನೇ ಮುಟ್ಟುವ ಪ್ರಶ್ನೆ ಅದು. ಬರೆದವನು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಊರು ಬಿಡಬಲ್ಲ. ಮುದ್ರಕನಿಗೆ ಎತ್ತಲಾಗದ ಯಂತ್ರವಿದೆ, ಮಸಿಯ ವಾಸನೆಯಿದೆ, ರಾತ್ರಿಯಿಡೀ ಸದ್ದು ಕೇಳುವ ನೆರೆಮನೆಯವರಿದ್ದಾರೆ. ಆದ್ದರಿಂದ ಕಾನೂನು ಕೈಗೆ ಸಿಗುವವನನ್ನು ಹಿಡಿಯುತ್ತದೆ. ಅದೇ ಹುಡುಗನಿಗೆ ನಾನು ನಮ್ಮಲ್ಲಿ ಚುನಾವಣೆಯ ಹೊತ್ತಿನಲ್ಲಿ ಮನೆಮನೆಗೆ ಬರುವ ಕರಪತ್ರದ ಕೆಳಅಂಚನ್ನು ನೋಡಲು ಹೇಳಿದೆ. ಅಭ್ಯರ್ಥಿಯ ದೊಡ್ಡ ಭಾವಚಿತ್ರ, ಚಿಹ್ನೆ, ಭರವಸೆಗಳೆಲ್ಲ ಮುಗಿದ ಮೇಲೆ, ಓದಲು ಕಷ್ಟವಾಗುವಷ್ಟು ಸಣ್ಣ ಅಕ್ಷರದಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರುತ್ತವೆ. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮು ಅದನ್ನು ಕಡ್ಡಾಯ ಮಾಡಿದೆ. ಉದ್ದೇಶ ಇಂದು ಬೇರೆ, ಶಿಕ್ಷೆಯೂ ಬೇರೆ. ಆದರೆ ಅಚ್ಚಾದ ಮಾತಿಗೆ ಉತ್ತರ ಹೇಳಲು ಯಾರಾದರೊಬ್ಬರು ಗೊತ್ತಾದ ವಿಳಾಸದಲ್ಲಿ ಇರಬೇಕು ಎಂಬ ಸರಕಾರದ ಬಯಕೆ ಬಹಳ ಹಳೆಯದು.

ಮಿಲ್ಟನ್ನನ ಕಥೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಪ್ರಕಟಣೆಗೆ ಮುಂಚಿನ ಪರವಾನಗಿಯನ್ನು ವಿರೋಧಿಸಿ 1644ರಲ್ಲಿಯೇ ಅವನು 'ಅರಿಯೋಪಜಿಟಿಕಾ' ಬರೆದು, ಪರವಾನಗಿ ಪಡೆಯದೆ ಅಚ್ಚು ಹಾಕಿಸಿದ್ದ. ಇಂದು ಅದನ್ನು ಪತ್ರಿಕಾ ಸ್ವಾತಂತ್ರ್ಯದ ಮೂಲಗ್ರಂಥವೆಂದು ಕೊಂಡಾಡುತ್ತೇವೆ. ಅಂದು ಪಾರ್ಲಿಮೆಂಟು ಅದಕ್ಕೆ ಕಿವಿಗೊಡಲಿಲ್ಲ. ಕ್ರಾಮ್‌ವೆಲ್ಲನ ಕಾಲದಲ್ಲಿ ಮಿಲ್ಟನ್ ಸ್ವತಃ ಸರಕಾರಿ ಸುದ್ದಿಪತ್ರಿಕೆಯೊಂದರ ಪರವಾನಗಿದಾರನಾಗಿ ಕೆಲಸ ಮಾಡಿದ್ದನ್ನೂ ವಿದ್ಯಾರ್ಥಿಗಳಿಂದ ಮುಚ್ಚಿಡಬಾರದು. 1660ರಲ್ಲಿ ರಾಜ ಮರಳಿದಾಗ ಕಣ್ಣು ಕಳೆದುಕೊಂಡಿದ್ದ ಈ ಕವಿ ಅಡಗಿ ಕುಳಿತ. ಅವನ ರಾಜವಿರೋಧಿ ಪುಸ್ತಕಗಳನ್ನು ಗಲ್ಲು ಹಾಕುವವನ ಕೈಯಿಂದಲೇ ಸುಡಿಸಿದರು. ಕೆಲವು ಕಾಲ ಸೆರೆಯಲ್ಲಿಯೂ ಇದ್ದ. ಅನಂತರ 'ಪ್ಯಾರಡೈಸ್ ಲಾಸ್ಟ್' ಮುಗಿಸಿದಾಗ, ಪರವಾನಗಿಯ ವಿರುದ್ಧ ಅಷ್ಟು ಉಜ್ವಲವಾಗಿ ಬರೆದಿದ್ದವನ ಮಹಾಕಾವ್ಯವೇ ಪರವಾನಗಿಗಾಗಿ ಆರ್ಚ್‌ಬಿಷಪ್ಪನ ಬಳಿಯಿದ್ದ ಥಾಮಸ್ ಟಾಮ್‌ಕಿನ್ಸ್ ಎಂಬ ಯುವ ಪಾದ್ರಿಯ ಮುಂದೆ ಹೋಗಬೇಕಾಯಿತು. ಗ್ರಹಣದ ಸೂರ್ಯ ದೊರೆಗಳಲ್ಲಿ ಬದಲಾವಣೆಯ ಭಯ ಹುಟ್ಟಿಸುತ್ತಾನೆ ಎಂಬ ಅರ್ಥದ ಸಾಲುಗಳಿಗೆ ಟಾಮ್‌ಕಿನ್ಸ್ ತಕರಾರು ತೆಗೆದನೆಂದು ಮಿಲ್ಟನ್ನನ ಆರಂಭದ ಜೀವನಚರಿತ್ರೆಕಾರ ಜಾನ್ ಟೋಲಂಡ್ ದಾಖಲಿಸಿದ್ದಾನೆ. ಕಡೆಗೆ ಒಪ್ಪಿಗೆ ಸಿಕ್ಕಿತು. 1667ರ ಏಪ್ರಿಲ್ 27ರಂದು ಸ್ಯಾಮ್ಯುಯೆಲ್ ಸಿಮನ್ಸ್ ಎಂಬ ಮುದ್ರಕನೊಂದಿಗೆ ಆದ ಕರಾರಿನ ಪ್ರಕಾರ ಕವಿಗೆ ಕೈಗೆ ಬಂದದ್ದು 5 ಪೌಂಡು, ಮೊದಲ ಮುದ್ರಣದ 1,300 ಪ್ರತಿ ಖರ್ಚಾದ ಮೇಲೆ ಇನ್ನೊಂದು 5 ಪೌಂಡು. ಸೋತ ಪಕ್ಷದ ಕುರುಡು ಕವಿಯೊಬ್ಬ ಸ್ವರ್ಗದ ರಾಜನ ವಿರುದ್ಧ ಎದ್ದ ಸೈತಾನನ ಬಾಯಲ್ಲಿ ಅಂಥ ಮಾತುಗಳನ್ನು ಇಟ್ಟಾಗ, ಅವನ್ನು ಮೊದಲು ಓದುವವನು ಸರಕಾರದ ಪಾದ್ರಿ ಎಂಬುದು ಅವನಿಗೆ ಗೊತ್ತಿತ್ತು. ಆ ಅರಿವಿನೊಂದಿಗೆ ಮೊದಲ ಎರಡು ಕಾಂಡಗಳನ್ನು ಓದಿ ನೋಡಬೇಕು. ಸಾಲುಗಳ ತೂಕವೇ ಬೇರೆಯಾಗುತ್ತದೆ.

ಅಚ್ಚಿಗೆ ಹೋಗಲಾರದ ಮಾತು ಕೈಬರಹದಲ್ಲಿ ಓಡಾಡಿತು. ರೋಚೆಸ್ಟರ್ ಪ್ರಭು ರಾಜನ ಮೇಲೆಯೇ ಬರೆದ ವಿಡಂಬನೆಗಳು, ಆಂಡ್ರ್ಯೂ ಮಾರ್ವೆಲ್ಲನದೆಂದು ಹೇಳುವ ರಾಜಕೀಯ ಪದ್ಯಗಳು ನಕಲಾಗಿ ಕೈಯಿಂದ ಕೈಗೆ ದಾಟಿದವು. ಕಲ್ಯಾಣದ ಕ್ರಾಂತಿಯ ಮೇಲೆ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ದಾರಿ ಹಿಡಿದರೆಂಬ ನಂಬಿಕೆಯನ್ನು ಕೇಳಿ ಬೆಳೆದ ನಮ್ಮ ಭಾಗದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆ ಪದ್ಯಗಳನ್ನು ಓದಿ ಚರ್ಚಿಸುವ ಜಾಗ ಕಾಫಿಮನೆ. ಲಂಡನ್ನಿನ ಮೊದಲ ಕಾಫಿಮನೆಯನ್ನು 1652ರಲ್ಲಿ ಪಾಸ್ಕ್ವಾ ರೋಸೆ ಎಂಬವನು ತೆರೆದ. ಒಂದು ಪೆನ್ನಿ ಕೊಟ್ಟು ಒಳಗೆ ಕುಳಿತರೆ ಕಾಫಿಯ ಜೊತೆಗೆ ಸುದ್ದಿಯೂ ಸಿಗುತ್ತಿತ್ತು. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಚಹಾದಂಗಡಿಯಲ್ಲಿ ಒಬ್ಬರು ಪೇಪರನ್ನು ಗಟ್ಟಿಯಾಗಿ ಓದಿದರೆ ಸುತ್ತಲಿನ ನಾಲ್ಕು ಮಂದಿ ಕೇಳಿ ವಾದಕ್ಕಿಳಿಯುವ ಹಾಗೆ, ಅಲ್ಲಿಯೂ ಒಂದು ಹಾಳೆಗೆ ಹತ್ತಾರು ಓದುಗರು. ಇದು ಸರಕಾರಕ್ಕೆ ಸಹಿಸಲಿಲ್ಲ. 1675ರ ಡಿಸೆಂಬರ್ 29ರಂದು ಎಲ್ಲ ಕಾಫಿಮನೆಗಳನ್ನೂ ಮುಚ್ಚಿಸುವ ರಾಜಾಜ್ಞೆ ಹೊರಟಿತು. ಜನರ ಕೂಗು ಎಷ್ಟು ಜೋರಾಯಿತೆಂದರೆ, ಆಜ್ಞೆ ಜಾರಿಗೆ ಬರುವ ಮುಂಚೆಯೇ, ಹೊಸ ವರ್ಷದ ಎರಡನೆಯ ವಾರದೊಳಗೆ, ರಾಜ ಅದನ್ನು ಹಿಂತೆಗೆದುಕೊಂಡ. ಅಚ್ಚುಕೂಟವನ್ನು ಕಟ್ಟಿಹಾಕಿದ ಸರಕಾರಕ್ಕೆ ಕಾಫಿಮನೆಯನ್ನು ಕಟ್ಟಿಹಾಕಲು ಆಗಲಿಲ್ಲ.

ಆದರೂ ಬರಹದ ಅಪಾಯ ತಗ್ಗಲಿಲ್ಲ. 1683ರಲ್ಲಿ ರಾಜನ ನಿರಂಕುಶ ಅಧಿಕಾರದ ವಿರೋಧಿ ಆಲ್ಜರ್ನನ್ ಸಿಡ್ನಿಯ ಮೇಲೆ ರಾಜದ್ರೋಹದ ಮೊಕದ್ದಮೆ ನಡೆದಾಗ, ಕಾನೂನು ಕೇಳುವ ಇಬ್ಬರು ಸಾಕ್ಷಿಗಳಲ್ಲಿ ಒಬ್ಬನು ಮಾತ್ರ ಸಿಕ್ಕಿದ್ದ. ಸಿಡ್ನಿಯ ಮನೆಯಲ್ಲಿ ಸಿಕ್ಕ, ಎಲ್ಲಿಯೂ ಪ್ರಕಟವಾಗದ ಹಸ್ತಪ್ರತಿಯನ್ನೇ ನ್ಯಾಯಾಧೀಶ ಜೆಫ್ರೀಸ್ ಎರಡನೆಯ ಸಾಕ್ಷಿಯೆಂದು ಪರಿಗಣಿಸಿದ. ಬರೆಯುವುದೂ ಒಂದು ಕೃತ್ಯವೇ ಎಂಬುದು ಅವನ ವಾದ. ಡಿಸೆಂಬರಿನಲ್ಲಿ ಸಿಡ್ನಿಯ ತಲೆ ಹೋಯಿತು. ಹಳೆಯ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಭಾಗದವನಾದ ನನಗೆ ಸಿಡ್ನಿಯ ಪ್ರಕರಣ ಓದಿದಾಗಲೆಲ್ಲ 'ಇಮ್ರೋಜ್' ಸಂಪಾದಕ ಶೋಯಬುಲ್ಲಾ ಖಾನ್ ಮನಸ್ಸಿಗೆ ಬರುತ್ತಾರೆ. ಭಾರತದೊಂದಿಗೆ ಸೇರಬೇಕೆಂದು ಬರೆದದ್ದಕ್ಕೆ 1948ರ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಅವರನ್ನು ಕೊಂದರು. ಅಲ್ಲಿ ಕೊಂದದ್ದು ನ್ಯಾಯಾಲಯ, ಇಲ್ಲಿ ಕೊಂದದ್ದು ರಜಾಕಾರರು.

1688ರ ಕ್ರಾಂತಿಯಿಂದ ಎಲ್ಲವೂ ಬದಲಾಯಿತೆಂದು ಗೈಡುಗಳು ಬರೆಯುತ್ತವೆ. ಎರಡನೆಯ ಜೇಮ್ಸ್ ಓಡಿಹೋದ, ವಿಲಿಯಂ ಮತ್ತು ಮೇರಿ ಬಂದರು, 1689ರಲ್ಲಿ ಹಕ್ಕುಗಳ ಕಾಯ್ದೆಯೂ ಧಾರ್ಮಿಕ ಸಹನೆಯ ಕಾಯ್ದೆಯೂ ಆದವು ಎಂಬುದೆಲ್ಲ ನಿಜ. ಆದರೆ ಹಕ್ಕುಗಳ ಕಾಯ್ದೆ ವಾಕ್‌ ಸ್ವಾತಂತ್ರ್ಯವನ್ನು ಕೊಟ್ಟದ್ದು ಪಾರ್ಲಿಮೆಂಟಿನ ಒಳಗಿನ ಮಾತಿಗೆ. ಅಚ್ಚುಕೂಟದ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಪರವಾನಗಿ ಕಾಯ್ದೆ ಕ್ರಾಂತಿಯ ನಂತರವೂ ಜೀವಂತವಾಗಿತ್ತು, 1693ರಲ್ಲಿ ಅದನ್ನು ಇನ್ನೆರಡು ವರ್ಷಕ್ಕೆ ಮುಂದುವರಿಸಿದರು. ಹೊಸ ವ್ಯವಸ್ಥೆಯ ತತ್ವಜ್ಞಾನಿಯೆಂದು ಹೆಸರಾದ ಜಾನ್ ಲಾಕ್ ತನ್ನ ಸರಕಾರ ಕುರಿತ ಎರಡು ಪ್ರಬಂಧಗಳನ್ನು ಹೆಸರಿಲ್ಲದೆ ಪ್ರಕಟಿಸಿ, ಅವು ತನ್ನವೆಂದು ಒಪ್ಪಿಕೊಂಡದ್ದು ಉಯಿಲಿನಲ್ಲಿ. ಕ್ರಾಂತಿಯನ್ನು ಸಮರ್ಥಿಸಿದ ಲೇಖಕನೇ ಕ್ರಾಂತಿ ತಂದ ಸರಕಾರದ ಕೆಳಗೆ ತನ್ನ ಹೆಸರನ್ನು ಹದಿನೈದು ವರ್ಷ ಮುಚ್ಚಿಟ್ಟುಕೊಳ್ಳಬೇಕೆನಿಸಿತು ಎಂಬುದನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು.

ಪರವಾನಗಿ ಸತ್ತ ಬಗೆ ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಆಗಿನ ಪರವಾನಗಿ ಅಧಿಕಾರಿ ಎಡ್ಮಂಡ್ ಬೋಹನ್, ವಿಲಿಯಂ ಮತ್ತು ಮೇರಿ ಇಂಗ್ಲೆಂಡನ್ನು ಗೆದ್ದುಕೊಂಡವರು, ಆದ್ದರಿಂದ ಅವರಿಗೆ ವಿಧೇಯರಾಗಿರುವುದು ಧರ್ಮ ಎಂದು ಪ್ರಾಮಾಣಿಕವಾಗಿ ನಂಬಿದ್ದವನು. 1693ರ ಆರಂಭದಲ್ಲಿ ಅದೇ ವಾದದ ಅನಾಮಧೇಯ ಕರಪತ್ರವೊಂದು ಅವನ ಮೇಜಿಗೆ ಬಂತು. ತನ್ನ ಮನಸ್ಸಿನ ಮಾತನ್ನೇ ಯಾರೋ ಬರೆದಿದ್ದಾರೆಂದು ಸಂತೋಷಪಟ್ಟು ಅವನು ಸಹಿ ಹಾಕಿದ. ಗೆದ್ದವರು ಎಂದರೆ ಸೋತವರು ಯಾರು ಎಂಬ ಪ್ರಶ್ನೆ ಹುಟ್ಟುತ್ತದಲ್ಲ. ತಾವು ಕರೆದು ಪಟ್ಟ ಕಟ್ಟಿದ ರಾಜನಿಗೆ ತಾವು ಸೋತು ಶರಣಾದ ಪ್ರಜೆಗಳೆಂದು ಅಚ್ಚಾದದ್ದನ್ನು ನೋಡಿ ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆ ಕೆರಳಿತು. ಕರಪತ್ರವನ್ನು ಸುಡಿಸಿದರು, ಬೋಹನ್ನನನ್ನು ಕೆಲಸದಿಂದ ಕಿತ್ತುಹಾಕಿಸಿದರು. ಪರವಾನಗಿಯ ಕಡುವೈರಿಯಾಗಿದ್ದ, ಮಿಲ್ಟನ್ನನ ವಾದಗಳನ್ನೇ ಎತ್ತಿಕೊಂಡು ಅದರ ವಿರುದ್ಧ ಬರೆಯುತ್ತಿದ್ದ ಚಾರ್ಲ್ಸ್ ಬ್ಲಂಟ್ ಬೇಕೆಂದೇ ಒಡ್ಡಿದ ಬಲೆ ಇದು ಎಂದು ಮೆಕಾಲೆ ತನ್ನ ಇಂಗ್ಲೆಂಡಿನ ಇತಿಹಾಸದಲ್ಲಿ ವಿಸ್ತಾರವಾಗಿ ಹೇಳಿದ್ದಾನೆ. ನಮ್ಮ ದೇಶದಲ್ಲಿ 1835ರಲ್ಲಿ ಹಂಗಾಮಿ ಗವರ್ನರ್ ಜನರಲ್ ಮೆಟ್‌ಕಾಫ್ ಪತ್ರಿಕೆಗಳ ಮೇಲಿನ ಪರವಾನಗಿಯನ್ನು ತೆಗೆದುಹಾಕಿದಾಗ ಆ ಕಾಯ್ದೆಯ ಕರಡನ್ನು ಬರೆದವನೂ ಇದೇ ಮೆಕಾಲೆ.

1695ರಲ್ಲಿ ಕಾಯ್ದೆಯ ಅವಧಿ ಮುಗಿಯುತ್ತ ಬಂದಾಗ ಅದನ್ನು ನವೀಕರಿಸಬೇಕೆಂದು ಮೇಲ್ಮನೆಯಾದ ಲಾರ್ಡ್ಸ್ ಸಭೆ ಬಯಸಿತು, ಕಾಮನ್ಸ್ ಸಭೆ ಒಪ್ಪಲಿಲ್ಲ. ಒಪ್ಪದಿರಲು ಕಾರಣಗಳ ಪಟ್ಟಿಯೊಂದನ್ನು ಲಾಕ್‌ನ ಗೆಳೆಯ, ಪಾರ್ಲಿಮೆಂಟ್ ಸದಸ್ಯ ಎಡ್ವರ್ಡ್ ಕ್ಲಾರ್ಕ್ ಲಾರ್ಡ್ಸ್ ಸಭೆಗೆ ಒಯ್ದುಕೊಟ್ಟ; ಲಾಕ್ ಅವನಿಗಾಗಿ ಬರೆದ ಟಿಪ್ಪಣಿಯೂ ನಮಗೆ ಉಳಿದುಬಂದಿದೆ. ಈ ಕಾರಣಗಳಲ್ಲಿ ವಿಚಾರ ಸ್ವಾತಂತ್ರ್ಯದ ಘೋಷಣೆಯನ್ನು ಹುಡುಕಿದರೆ ಸಿಗುವುದಿಲ್ಲ. ಪುಸ್ತಕ ವ್ಯಾಪಾರಿಗಳ ಸಂಘಕ್ಕೆ ಏಕಸ್ವಾಮ್ಯ ಕೊಟ್ಟದ್ದರಿಂದ ಒಳ್ಳೆಯ ಲ್ಯಾಟಿನ್ ಗ್ರಂಥಗಳೂ ದುಬಾರಿಯಾಗಿವೆ, ಹಾಗೂ ಕೆಟ್ಟದಾಗಿ ಅಚ್ಚಾಗುತ್ತಿವೆ. ಆಕ್ಷೇಪಾರ್ಹ ಪುಸ್ತಕ ಯಾವುದೆಂದು ಕಾಯ್ದೆ ಹೇಳುವುದಿಲ್ಲ. ಪರವಾನಗಿ ಶುಲ್ಕ ಎಷ್ಟೆಂದು ಗೊತ್ತುಮಾಡಿಲ್ಲ. ಪರದೇಶದಿಂದ ಬಂದ ಪುಸ್ತಕದ ಪೆಟ್ಟಿಗೆಯನ್ನು ಪರವಾನಗಿದಾರನಿಲ್ಲದೆ ಸುಂಕದ ಅಧಿಕಾರಿ ಬಿಚ್ಚುವಂತಿಲ್ಲ, ಆದರೆ ಬಿಚ್ಚದೆ ಅದರಲ್ಲಿ ಪುಸ್ತಕವಿದೆಯೆಂದು ಅವನಿಗೆ ತಿಳಿಯುವುದು ಹೇಗೆ? ಎಲ್ಲವೂ ಈ ಬಗೆಯ ವ್ಯವಹಾರದ ತಕರಾರುಗಳು. ಮನೆಗಳನ್ನು ಹೊಕ್ಕು ಶೋಧಿಸುವ ಅಧಿಕಾರದ ಬಗ್ಗೆ ಮಾತ್ರ ಕೊಂಚ ದನಿ ಏರುತ್ತದೆ. ಕಾಯ್ದೆ ನವೀಕರಣಗೊಳ್ಳಲಿಲ್ಲ, ಮೇ ತಿಂಗಳಲ್ಲಿ ತಾನಾಗಿ ಸತ್ತಿತು. ಮಿಲ್ಟನ್ನನ ಮಹಾಗದ್ಯಕ್ಕೆ ಆಗದ ಕೆಲಸವನ್ನು ಈ ಸಪ್ಪೆ ಪಟ್ಟಿ ಮಾಡಿತೆಂಬ ಮೆಕಾಲೆಯ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಐವತ್ತು ವರ್ಷ ಆ ಗದ್ಯವನ್ನು ಓದಿ, ಕದ್ದು, ಮತ್ತೆ ಮತ್ತೆ ಅಚ್ಚು ಹಾಕಿದ ಬ್ಲಂಟನಂಥವರು ಇರದಿದ್ದರೆ ತಕರಾರುಗಳಿಗೆ ಅಷ್ಟು ಬಲ ಬರುತ್ತಿರಲಿಲ್ಲ.

ಫಲ ಕೂಡಲೇ ಕಂಡಿತು. ಅದೇ ವರ್ಷ ಲಂಡನ್ನಿನಲ್ಲಿ ಖಾಸಗಿ ಸುದ್ದಿಪತ್ರಿಕೆಗಳು ಒಂದರ ಹಿಂದೆ ಒಂದು ಹೊರಟವು, ಬ್ರಿಸ್ಟಲ್ಲಿನಲ್ಲಿ ಅಚ್ಚುಕೂಟ ಶುರುವಾಯಿತು. 1698ರಲ್ಲಿ ಸಿಡ್ನಿಯ ಹಸ್ತಪ್ರತಿ, ಅವನನ್ನು ಕೊಂದ ಅದೇ ಬರಹ, ಪುಸ್ತಕವಾಗಿ ಹೊರಬಂತು. 1702ರ ಮಾರ್ಚ್ 11ರಂದು 'ಡೈಲಿ ಕೊರಾಂಟ್' ಎಂಬ ದಿನಪತ್ರಿಕೆ ಆರಂಭವಾಯಿತು. 1711ರ ಮಾರ್ಚ್ 1ರಂದು ಆಡಿಸನ್ ಮತ್ತು ಸ್ಟೀಲ್ ಅವರ 'ಸ್ಪೆಕ್ಟೇಟರ್' ಬಂತು. ದಿನಕ್ಕೆ 3,000 ಪ್ರತಿ ಹೋಗುತ್ತವೆ, ಪ್ರತಿಯೊಂದನ್ನು ಇಪ್ಪತ್ತು ಮಂದಿ ಓದುತ್ತಾರೆ, ಹೀಗೆ ತನಗೆ 60,000 ಶಿಷ್ಯರು ಎಂದು ಆಡಿಸನ್ ಲೆಕ್ಕ ಹಾಕಿದ್ದು ಕಾಫಿಮನೆಯ ಗಟ್ಟಿ ಓದನ್ನು ನೆನೆದು. ನಾವು ಇಂಗ್ಲಿಷ್ ಗದ್ಯದ ತಿಳಿತನವೆಂದು ಕಲಿಸುವ ಗುಣ, ಅಕ್ಕಪಕ್ಕ ಕುಳಿತ ಅಪರಿಚಿತನಿಗೂ ಒಂದೇ ಓದಿಗೆ ಅರ್ಥವಾಗಬೇಕು ಎಂಬ ಅಗತ್ಯದಲ್ಲಿ ಪಕ್ವವಾಯಿತು. ಅವೇ ಪತ್ರಿಕೆಗಳಲ್ಲಿ ಓಡಿಹೋದ ಗುಲಾಮರನ್ನು ಹಿಡಿದುಕೊಟ್ಟವರಿಗೆ ಬಹುಮಾನವೆಂಬ ಜಾಹೀರಾತುಗಳೂ ಅಚ್ಚಾಗುತ್ತಿದ್ದವು ಎಂಬುದನ್ನು ಹೇಳದೆ ಈ ಪಾಠವನ್ನು ಮುಗಿಸಲು ನನಗೆ ಮನಸ್ಸಾಗುವುದಿಲ್ಲ.

ಪರವಾನಗಿ ಹೋಯಿತೇ ಹೊರತು ಶಿಕ್ಷೆ ಹೋಗಲಿಲ್ಲ. ಮುಂಚೆ ಅಚ್ಚಿಗಿಂತ ಮೊದಲು ತಡೆಯುತ್ತಿದ್ದರು, ಈಗ ಅಚ್ಚಾದ ಮೇಲೆ ಹಿಡಿದರು. ಸರಕಾರಿ ಚರ್ಚನ್ನು ಒಪ್ಪದ ಪಂಥಭಿನ್ನರನ್ನು ನಿರ್ಮೂಲ ಮಾಡುವುದೇ ಸುಲಭದ ದಾರಿ ಎಂದು ಕಟ್ಟಾ ಚರ್ಚ್‌ವಾದಿಯ ದನಿಯಲ್ಲಿ ಬರೆದು ಆ ದನಿಯ ಕ್ರೌರ್ಯವನ್ನು ಬಯಲು ಮಾಡಿದ ಡೆಫೋನನ್ನು 1703ರ ಜುಲೈ ಕೊನೆಯಲ್ಲಿ ಮೂರು ದಿನ ಬಹಿರಂಗ ಸ್ಥಳದಲ್ಲಿ ಕೈ, ಕೊರಳುಗಳನ್ನು ಮರದ ಹಲಗೆಯಲ್ಲಿ ಸಿಕ್ಕಿಸಿ ನಿಲ್ಲಿಸಿದರು; ಆ ಹಲಗೆಯನ್ನೇ ಸಂಬೋಧಿಸಿ ಅವನು ಪದ್ಯ ಬರೆದ. ಹದಿಹರೆಯ ದಾಟುತ್ತಿದ್ದ ಜಾನ್ ಮ್ಯಾಥ್ಯೂಸ್ ಎಂಬ ಮುದ್ರಕನನ್ನು, ಸಿಂಹಾಸನ ಜೇಮ್ಸನ ವಂಶಕ್ಕೆ ಸೇರಬೇಕೆಂಬ ಕರಪತ್ರ ಅಚ್ಚು ಹಾಕಿದ್ದಕ್ಕೆ 1719ರಲ್ಲಿ ಗಲ್ಲಿಗೇರಿಸಿದರು. 1712ರಲ್ಲಿ ಪ್ರತಿ ಹಾಳೆಯ ಮೇಲೆ ಮುದ್ರಾಂಕ ತೆರಿಗೆ ಬಂದು ಪತ್ರಿಕೆಗಳ ಬೆಲೆ ಏರಿತು, ಅನೇಕವು ನಿಂತವು.

ಸ್ವಿಫ್ಟ್‌ನನ್ನು ಓದಬೇಕಾದದ್ದು ಇಲ್ಲಿ ನಿಂತು. 1724ರಲ್ಲಿ ಐರ್ಲೆಂಡಿನ ಮೇಲೆ ಹೇರಲು ಹೊರಟ ತಾಮ್ರದ ನಾಣ್ಯಗಳ ವಿರುದ್ಧ ಅವನು ಒಬ್ಬ ಬಟ್ಟೆ ವ್ಯಾಪಾರಿಯ ಹೆಸರಿನಲ್ಲಿ ಪತ್ರಗಳನ್ನು ಬರೆದ. ಲೇಖಕನನ್ನು ತೋರಿಸಿದವರಿಗೆ 300 ಪೌಂಡ್ ಬಹುಮಾನ ಸಾರಲಾಯಿತು. ಯಾರು ಬರೆದವರೆಂದು ಡಬ್ಲಿನ್ನಿಗೆಲ್ಲ ಗೊತ್ತಿತ್ತು, ಬಹುಮಾನಕ್ಕೆ ಯಾರೂ ಮುಂದೆ ಬರಲಿಲ್ಲ. ಮುದ್ರಕ ಜಾನ್ ಹಾರ್ಡಿಂಗ್ ಮಾತ್ರ ಬಂಧನಕ್ಕೊಳಗಾದ. ಮರುವರ್ಷ ನಾಣ್ಯದ ಸನ್ನದು ರದ್ದಾಯಿತು. 1726ರಲ್ಲಿ 'ಗಲಿವರ್ಸ್ ಟ್ರಾವೆಲ್ಸ್' ಹಸ್ತಪ್ರತಿಯನ್ನು ಲಂಡನ್ನಿನ ಪ್ರಕಾಶಕ ಬೆಂಜಮಿನ್ ಮಾಟ್‌ಗೆ ರಾತ್ರಿಯ ಹೊತ್ತು, ಕೊಟ್ಟವರು ಯಾರೆಂದು ತಿಳಿಯದ ಹಾಗೆ, ಬಾಡಿಗೆ ಗಾಡಿಯಿಂದ ಇಳಿಸಿ ಹೋದರು. ಮಾಟ್ ಹೆದರಿ ಕೆಲವು ಭಾಗಗಳನ್ನು ಬದಲಿಸಿದ. ತೇಲುವ ದ್ವೀಪದ ದೊರೆಯ ವಿರುದ್ಧ ಲಿಂಡಲಿನೋ ಎಂಬ ಪಟ್ಟಣದ ಜನ ದಂಗೆಯೆದ್ದು ಗೆದ್ದ ಭಾಗವಂತೂ, ಡಬ್ಲಿನ್ನಿನ ಕಥೆಯೆಂದು ಯಾರಿಗಾದರೂ ಹೊಳೆಯುವಂತಿದ್ದುದರಿಂದ, 1899ರವರೆಗೆ ಅಚ್ಚನ್ನೇ ಕಾಣಲಿಲ್ಲ. ಮಕ್ಕಳ ಕಥೆಯೆಂದು ನಾವು ಲಿಲಿಪುಟ್ ಒಂದನ್ನೇ ಇಟ್ಟುಕೊಂಡದ್ದು ಆ ಪುಸ್ತಕಕ್ಕೆ ನಾವು ಮಾಡಿದ ಅನ್ಯಾಯ.

ನಾಟಕಕ್ಕೆ ಮಾತ್ರ ಬೀಗ ಮತ್ತೆ ಬಿತ್ತು. ಪ್ರಧಾನಿ ವಾಲ್‌ಪೋಲನನ್ನು ರಂಗದ ಮೇಲೆ ಚುಚ್ಚಿದ ನಾಟಕಗಳಿಂದ ರೋಸಿದ ಸರಕಾರ 1737ರಲ್ಲಿ, ಪ್ರದರ್ಶನಕ್ಕೆ 14 ದಿನ ಮೊದಲು ಪ್ರತಿ ಹೊಸ ನಾಟಕವನ್ನು ಅರಮನೆಯ ಹಿರಿಯ ಅಧಿಕಾರಿಯಾದ ಲಾರ್ಡ್ ಚೇಂಬರ್ಲಿನ್ ಕಚೇರಿಗೆ ಒಪ್ಪಿಸಬೇಕೆಂಬ ಕಾಯ್ದೆ ತಂದಿತು. ಆ ಕಚೇರಿಯ ಅಧಿಕಾರ ಪೂರ್ತಿಯಾಗಿ ಕೊನೆಗೊಂಡದ್ದು 1968ರಲ್ಲಿ. ಇಲ್ಲಿ ಬ್ರಿಟಿಷರು 1876ರಲ್ಲಿ ತಂದ ನಾಟಕ ಪ್ರದರ್ಶನ ಕಾಯ್ದೆ ಅದೇ ಮನೋಧರ್ಮದ್ದು. ನಮ್ಮ ಕಾನೂನು ಪುಸ್ತಕದಿಂದ ಅದು ಹೊರಹೋದದ್ದು 2018ರಲ್ಲಿ. ವಾಲ್‌ಪೋಲನಿಗೆ ಹೆಚ್ಚು ನೋವು ಕೊಟ್ಟ ನಾಟಕಕಾರ ಹೆನ್ರಿ ಫೀಲ್ಡಿಂಗ್. ರಂಗಭೂಮಿಯ ಬಾಗಿಲು ಮುಚ್ಚಿದ ಮೇಲೆ ಅವನು ವಕೀಲಿ ಓದಿ, 1742ರಲ್ಲಿ 'ಜೋಸೆಫ್ ಆಂಡ್ರ್ಯೂಸ್', 1749ರಲ್ಲಿ 'ಟಾಮ್ ಜೋನ್ಸ್' ಬರೆದ. ಇಂಗ್ಲಿಷ್ ಕಾದಂಬರಿಯ ಉಗಮಕ್ಕೆ ಮಧ್ಯಮವರ್ಗದ ಏಳಿಗೆಯನ್ನು ಕಾರಣವಾಗಿ ಬರೆಯುವ ವಿದ್ಯಾರ್ಥಿಗಳು ಈ ಒಂದು ಕಾಯ್ದೆಯನ್ನೂ ಬರೆಯಬೇಕೆಂದು ನಾನು ಒತ್ತಾಯಿಸುತ್ತೇನೆ.

ಮನೆ ಶೋಧಿಸುವ ಅಧಿಕಾರದ ಲೆಕ್ಕ ಚುಕ್ತಾ ಆದದ್ದು 1763ರಲ್ಲಿ. ಜಾನ್ ವಿಲ್ಕ್ಸ್ ತನ್ನ 'ನಾರ್ತ್ ಬ್ರಿಟನ್' ಪತ್ರಿಕೆಯ 45ನೆಯ ಸಂಚಿಕೆಯಲ್ಲಿ ರಾಜನ ಭಾಷಣವನ್ನು ಟೀಕಿಸಿದಾಗ, ಯಾರ ಹೆಸರನ್ನೂ ಬರೆಯದ ವಾರಂಟು ಹಿಡಿದು ಸರಕಾರದ ಆಳುಗಳು ಮುದ್ರಕರು, ಕೆಲಸಗಾರರು ಎನ್ನದೆ ಹತ್ತಾರು ಮಂದಿಯನ್ನು ಎಳೆದೊಯ್ದರು. ಅವರಲ್ಲಿ ವಾರಕ್ಕೆ ಒಂದು ಗಿನಿ, ಅಂದರೆ ಒಂದು ಪೌಂಡಿಗಿಂತ ತುಸು ಹೆಚ್ಚು, ಕೂಲಿಯ ವಿಲಿಯಂ ಹಕಲ್ ಎಂಬ ಅಚ್ಚುಕೂಟದ ಆಳೂ ಒಬ್ಬ. ಅವನನ್ನು ಆರು ತಾಸು ಇಟ್ಟುಕೊಂಡು, ಮಾಂಸ, ಬಿಯರು ಕೊಟ್ಟು ಚೆನ್ನಾಗಿಯೇ ನೋಡಿಕೊಂಡು ಬಿಟ್ಟಿದ್ದರು. ಹಕಲ್ ನ್ಯಾಯಾಲಯಕ್ಕೆ ಹೋದ. ಜ್ಯೂರಿ ಅವನಿಗೆ 300 ಪೌಂಡ್ ಪರಿಹಾರ ಕೊಡಿಸಿತು. ಅವನ ಐದು ವರ್ಷದ ದುಡಿಮೆಗಿಂತ ಹೆಚ್ಚಿನ ಮೊತ್ತ. ಇಷ್ಟು ಸಣ್ಣ ತೊಂದರೆಗೆ ಇದು ಅತಿಯಾಯಿತೆಂದು ಸರಕಾರದ ಕಡೆಯವರು ಮರುವಿಚಾರಣೆ ಕೇಳಿದಾಗ ಮುಖ್ಯ ನ್ಯಾಯಾಧೀಶ ಪ್ರ್ಯಾಟ್, ಪ್ರಶ್ನೆ ಇರುವುದು ಆ ಆರು ತಾಸಿನದಲ್ಲ, ಹೆಸರಿಲ್ಲದ ವಾರಂಟು ಹಿಡಿದು ಸಾಕ್ಷ್ಯ ಹುಡುಕಲು ಒಬ್ಬನ ಮನೆಯನ್ನು ಹೊಗುವುದು ಸ್ಪೇನಿನ ಧರ್ಮ ವಿಚಾರಣೆಗಿಂತಲೂ ಕೆಟ್ಟದ್ದು ಎಂಬರ್ಥದಲ್ಲಿ ತೀರ್ಪು ಕೊಟ್ಟು, ಪರಿಹಾರದಲ್ಲಿ ಒಂದು ಪೆನ್ನಿಯನ್ನೂ ಕಡಿಮೆ ಮಾಡಲು ಒಪ್ಪಲಿಲ್ಲ.